ಟೆನಿಸ್ ಎಲ್ಬೋ: ಕೈಗೆ ಬೇಕಿರುವುದು ಅಳತೆಯ ಭಾರ

ಪ್ರಶ್ನೆ: ನನಗೆ 46 ವರ್ಷ. ದಾವಣಗೆರೆಯಲ್ಲಿ ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಐದು ತಿಂಗಳಿಂದ ಬಲಗೈ ಮೊಣಕೈಯ ಹೊರಬದಿಯಲ್ಲಿ ನೋವು. ಬಟ್ಟೆ ಕತ್ತರಿಸುವಾಗ, ಬಕೆಟ್ ಎತ್ತುವಾಗ, ಒಗೆದ ಬಟ್ಟೆ ಹಿಂಡುವಾಗ ಜಾಸ್ತಿ. ಕೆಲವು ದಿನ ಟೀ ಲೋಟ ಎತ್ತುವುದೂ ಕಷ್ಟ. ಡಾಕ್ಟರು ನೋಡಿ ಟೆನಿಸ್ ಎಲ್ಬೋ ಎಂದರು, ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. ಒಂದೂವರೆ ತಿಂಗಳು ನೋವೇ ಇರಲಿಲ್ಲ. ಆಮೇಲೆ ಮೊದಲಿಗಿಂತ ಜಾಸ್ತಿಯಾಗಿ ಬಂತು. ಹತ್ತು ದಿನ ಫಿಸಿಯೋಥೆರಪಿಗೆ ಹೋಗಿ ಕರೆಂಟ್ ಶಾಖ ತೆಗೆದುಕೊಂಡೆ, ಏನೂ ಪ್ರಯೋಜನ ಆಗಲಿಲ್ಲ. ದಿನವಿಡೀ ಮೊಣಕೈಗೆ ಬೆಲ್ಟ್ ಹಾಕಿಕೊಂಡಿರುತ್ತೇನೆ. ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುತ್ತಿದೆ. ಇನ್ನೊಂದು ಇಂಜೆಕ್ಷನ್ ತೆಗೆದುಕೊಳ್ಳಲೇ? ಸಚಿನ್ ತೆಂಡೂಲ್ಕರ್‌ಗೂ ಇದೇ ಆಗಿ ಆಪರೇಷನ್ ಆಗಿತ್ತಲ್ಲ ಎಂದು ಮನೆಯವರು ಹೆದರಿಸುತ್ತಾರೆ. ಮದುವೆ ಸೀಸನ್ ಹತ್ತಿರ ಬಂತು. ಹೊಲಿಗೆ ನಿಲ್ಲಿಸಬೇಕಾ?

ಉತ್ತರ: ಮೊದಲು ಆಪರೇಷನ್ ಭಯ ಬಿಡಿ. ಸಚಿನ್‌ಗೆ 2004ರಲ್ಲಿ ಈ ತೊಂದರೆ ಬಂದದ್ದು, 2005ರಲ್ಲಿ ಲಂಡನ್‌ನಲ್ಲಿ ಆಪರೇಷನ್ ಆದದ್ದು ನಿಜ. ಅದೇ ವರ್ಷ ಅವರು ಮತ್ತೆ ಮೈದಾನಕ್ಕೆ ಇಳಿದದ್ದೂ ನಿಜ. ಆದರೆ ಟೆನಿಸ್ ಎಲ್ಬೋ ಬಂದವರಲ್ಲಿ ಬಹುಪಾಲು ಜನರಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಸರಿಯಾದ ವ್ಯಾಯಾಮವನ್ನು ಆರು ತಿಂಗಳಿಂದ ಒಂದು ವರ್ಷ ಮಾಡಿಯೂ ಏನೂ ಸುಧಾರಿಸದಿದ್ದಾಗ ಮಾತ್ರ ಆ ಮಾತು ಬರುತ್ತದೆ. ನೀವು ಇನ್ನೂ ಆ ವ್ಯಾಯಾಮ ಶುರುವನ್ನೇ ಮಾಡಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಫಿಸಿಯೋಥೆರಪಿಯ ಸಾಲೇ. ಹತ್ತು ದಿನ ಕರೆಂಟ್ ಶಾಖ ತೆಗೆದುಕೊಂಡಿದ್ದೀರಿ. ಕೈಯ ಬಲ ಎಷ್ಟಿದೆ ಎಂದು ಯಾರಾದರೂ ಅಳೆದರೇ? ಕುತ್ತಿಗೆ, ಭುಜ ಪರೀಕ್ಷೆ ಮಾಡಿದರೇ? ಮನೆಯಲ್ಲಿ ಮಾಡಲು ವ್ಯಾಯಾಮ ಕಲಿಸಿದರೇ? ಇದ್ಯಾವುದೂ ಆಗಿಲ್ಲ ಎಂದಾದರೆ ಫಿಸಿಯೋಥೆರಪಿ ನಿಮಗೆ ಫಲ ಕೊಡಲಿಲ್ಲ ಎನ್ನುವುದು ಸರಿಯಲ್ಲ. ಅದರ ಒಂದು ಸಣ್ಣ ಭಾಗ ಮಾತ್ರ ನಿಮಗೆ ಸಿಕ್ಕಿದೆ, ಮುಖ್ಯ ಭಾಗ ಸಿಕ್ಕೇ ಇಲ್ಲ.

ಆ ಮುಖ್ಯ ಭಾಗ ಏನು ಎಂದು ತಿಳಿಯಲು ನೋವು ಎಲ್ಲಿಂದ ಬರುತ್ತದೆ ಎಂದು ನೋಡೋಣ. ಎಡಗೈಯಿಂದ ನಿಮ್ಮ ಬಲ ಮುಂಗೈಯನ್ನು ಮೊಣಕೈ ಹತ್ತಿರ, ಮೇಲ್ಭಾಗದಲ್ಲಿ ಮೆಲ್ಲಗೆ ಹಿಡಿದುಕೊಳ್ಳಿ. ಈಗ ಬಲಗೈ ಮುಷ್ಟಿ ಕಟ್ಟಿ. ಎಡಗೈ ಕೆಳಗೆ ಸ್ನಾಯು ಉಬ್ಬಿ ಗಟ್ಟಿಯಾಗುವುದು ಗೊತ್ತಾಗುತ್ತದೆ, ಅಲ್ವಾ? ಬೆರಳು ಮಡಚುವ ಸ್ನಾಯುಗಳು ಇರುವುದು ಮುಂಗೈಯ ಒಳಬದಿಯಲ್ಲಿ. ಹೊರಬದಿಯ ಸ್ನಾಯು ಯಾಕೆ ಗಟ್ಟಿಯಾಗಬೇಕು? ಏಕೆಂದರೆ ಬೆರಳು ಬಿಗಿಯಾಗಿ ಮಡಚಿದಾಗ ಮಣಿಕಟ್ಟೂ ಒಳಗೆ ಬಾಗಲು ನೋಡುತ್ತದೆ. ಅದು ಬಾಗದಂತೆ ಹಿಂದಕ್ಕೆ ಎಳೆದು ಹಿಡಿಯುವುದು ಹೊರಬದಿಯ ಸ್ನಾಯುಗಳ ಕೆಲಸ. ಅಂದರೆ ನೀವು ಏನನ್ನೇ ಹಿಡಿದರೂ, ಕತ್ತರಿ, ಬಕೆಟ್, ಲೋಟ, ಸ್ಕೂಟರ್ ಹ್ಯಾಂಡಲ್, ಈ ಸ್ನಾಯುಗಳು ದುಡಿಯಲೇಬೇಕು. ಇವೆಲ್ಲ ಹೋಗಿ ಮೊಣಕೈ ಹೊರಬದಿಯ ಮೂಳೆಯ ಉಬ್ಬಿಗೆ ಒಂದು ಗಟ್ಟಿ ಪಟ್ಟಿಯಿಂದ ಅಂಟಿಕೊಂಡಿವೆ. ಈ ಪಟ್ಟಿಯೇ ಟೆಂಡನ್. ಮನೆಗಳಲ್ಲಿ ಇದನ್ನೂ ನರ ಎಂದೇ ಕರೆಯುತ್ತೇವೆ, ಆದರೆ ಇದು ಮಿದುಳಿನ ಸಂದೇಶ ಒಯ್ಯುವ ನರವಲ್ಲ. ಎಷ್ಟೋ ಬೆರಳಿನ, ಮಣಿಕಟ್ಟಿನ ಕೆಲಸದ ಎಳೆತ ಬಂದು ಬೀಳುವುದು ಅಷ್ಟು ಸಣ್ಣ ಜಾಗದ ಮೇಲೆ.

ಅಲ್ಲಿ ಊತ ಇದೆ, ಉರಿಯೂತ ಇದೆ ಎಂದು ಹಿಂದೆ ಎಲ್ಲರೂ ನಂಬಿದ್ದರು. 1979ರಲ್ಲಿ ಅಮೆರಿಕದ ನಿರ್ಶಲ್ ಮತ್ತು ಪೆಟ್ರೋನ್ ಎಂಬ ಶಸ್ತ್ರವೈದ್ಯರು, ಆಪರೇಷನ್‌ನಲ್ಲಿ ತೆಗೆದ ಟೆಂಡನ್ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದರು. ಅಲ್ಲಿ ಕಂಡದ್ದು ಉರಿಯೂತದ ಕಣಗಳಲ್ಲ. ಎಳೆಗಳು ಸಾಲು ತಪ್ಪಿ ಗೊಂದಲವಾಗಿದ್ದವು, ಬೇಡದ ಸಣ್ಣ ರಕ್ತನಾಳಗಳು ಬೆಳೆದಿದ್ದವು. ಅಂದರೆ ಸವೆತಕ್ಕೆ ತಕ್ಕ ರಿಪೇರಿ ಆಗದೆ ಅರ್ಧಕ್ಕೇ ನಿಂತಿತ್ತು. ಈಗಿನ ಚಿಕಿತ್ಸೆಯ ದಾರಿ ಬದಲಾಗಲು ಇದು ದೊಡ್ಡ ಕಾರಣ. ಉರಿಯೂತವೇ ಮುಖ್ಯ ಆಗಿದ್ದರೆ ಅದನ್ನು ತಣ್ಣಗೆ ಮಾಡುವ ಇಂಜೆಕ್ಷನ್, ಜೊತೆಗೆ ಪೂರ್ತಿ ವಿಶ್ರಾಂತಿ ಸಾಕಾಗಬೇಕಿತ್ತು. ಟೆಂಡನ್ನಿನ ಬಲವೇ ಕುಂದಿದ್ದರೆ ಅದಕ್ಕೆ ಬಲ ಬರುವ ಹಾಗೆ ಮಾಡಬೇಕು. ಬಲ ಬರುವುದು ಭಾರದಿಂದಲೇ. ಆದರೆ ಅಳತೆ ಇಟ್ಟ ಭಾರದಿಂದ.

ಯಾರಿಗೆ ಬರುತ್ತದೆ ಎಂದರೆ, ಹೆಚ್ಚಾಗಿ 35ರಿಂದ 55 ವರ್ಷದವರಿಗೆ, ಗಂಡಸರು ಹೆಂಗಸರು ಎನ್ನದೆ. ದೊಡ್ಡವರಲ್ಲಿ ನೂರಕ್ಕೆ 1ರಿಂದ 3 ಜನರಿಗೆ ಇರುತ್ತದೆ ಎಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರು ಟೆನಿಸ್ ರಾಕೆಟ್ ಮುಟ್ಟಿದವರೇ ಅಲ್ಲ. ನನ್ನ ಬಳಿ ಬರುವವರು ಬಡಗಿಗಳು, ಪೇಂಟರ್‌ಗಳು, ಅಡಿಕೆ ಸುಲಿಯುವವರು, ಹೋಟೆಲ್ ಅಡುಗೆಯವರು, ಕಂಪ್ಯೂಟರ್ ಮೌಸ್ ಬಿಡದವರು, ಮತ್ತೆ ನಿಮ್ಮ ಹಾಗೆ ಕತ್ತರಿ ಹಿಡಿದವರು.

ಈಗ ಇಂಜೆಕ್ಷನ್ ವಿಷಯ. ನಿಮಗೆ ಆದದ್ದು ವಿಚಿತ್ರವೇನಲ್ಲ. ಎಷ್ಟೋ ಜನರಿಗೆ ಹೀಗೇ ಆಗುತ್ತದೆ. 2002ರಲ್ಲಿ ನೆದರ್ಲೆಂಡ್ಸ್‌ನಲ್ಲಿ 185 ರೋಗಿಗಳ ಮೇಲೆ ನಡೆದ ಅಧ್ಯಯನ ಲಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೆಲವರಿಗೆ ಸ್ಟಿರಾಯ್ಡ್ ಇಂಜೆಕ್ಷನ್, ಕೆಲವರಿಗೆ ಫಿಸಿಯೋಥೆರಪಿ, ಉಳಿದವರಿಗೆ ಸಲಹೆ ಕೊಟ್ಟು ಕಾಯಲು ಹೇಳಿದರು. ಆರು ವಾರಕ್ಕೆ ನೋಡಿದಾಗ ಇಂಜೆಕ್ಷನ್ ಗೆದ್ದಿತ್ತು: ನೂರಕ್ಕೆ 92 ಜನ ಗುಣವಾಗಿದ್ದರು. ಫಿಸಿಯೋಥೆರಪಿಯಲ್ಲಿ 47, ಕಾದವರಲ್ಲಿ 32. ವರ್ಷ ಕಳೆದು ನೋಡಿದರೆ ಲೆಕ್ಕ ತಿರುಗಿ ಬಿದ್ದಿತ್ತು. ಇಂಜೆಕ್ಷನ್ 69, ಫಿಸಿಯೋಥೆರಪಿ 91, ಸುಮ್ನೆ ಕಾದವರೂ 83! 2013ರಲ್ಲಿ ಆಸ್ಟ್ರೇಲಿಯಾದ ಇನ್ನೊಂದು ಅಧ್ಯಯನದಲ್ಲಿ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ನೂರಕ್ಕೆ 54 ಜನರಿಗೆ ನೋವು ಮರುಕಳಿಸಿತು. ಬರೀ ಉಪ್ಪುನೀರಿನ ಸೂಜಿ ಪಡೆದವರಲ್ಲಿ ಅದು 12 ಮಾತ್ರ.

ನಿಮ್ಮ ಡಾಕ್ಟರು ತಪ್ಪು ಮಾಡಿದರು ಎಂದು ನಾನು ಹೇಳುತ್ತಿಲ್ಲ. ನೋವು ತಾಳಲಾರದಷ್ಟು ಇದ್ದಾಗ ಇಂಜೆಕ್ಷನ್ ಕೊಡುವುದುಂಟು. ತೊಂದರೆ ಆಗುವುದು ಆಮೇಲೆ. ನೋವು ಹೋಯಿತು, ಟೆಂಡನ್ ಗಟ್ಟಿಯಾಗಲಿಲ್ಲ. ನಾವು ಮೊದಲಿನ ಹಾಗೇ ಕೆಲಸಕ್ಕೆ ಇಳಿಯುತ್ತೇವೆ. ಇನ್ನೊಂದು ಇಂಜೆಕ್ಷನ್ ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ನನ್ನ ಉತ್ತರ, ಬೇಡ. ಮುಂದೆ ಯಾರಾದರೂ ಕೊಡುತ್ತೇನೆ ಎಂದರೆ ಸಕ್ಕರೆ ಕಾಯಿಲೆ ಇರುವುದನ್ನು ಮರೆಯದೆ ಹೇಳಿ. ಸ್ಟಿರಾಯ್ಡ್ ಹೋದ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಸೂಜಿ ಚುಚ್ಚಿದ ಜಾಗದ ಚರ್ಮ ಬೆಳ್ಳಗಾಗುವುದು, ಒಳಗಿನ ಕೊಬ್ಬು ಕರಗಿ ಗುಳಿ ಬೀಳುವುದೂ ಉಂಟು. ಸಕ್ಕರೆ ಹತೋಟಿಯಲ್ಲಿ ಇರುವುದು ಟೆಂಡನ್ ಗುಣವಾಗಲು ಕೂಡ ಮುಖ್ಯ. ಮಾತ್ರೆ ತಪ್ಪಿಸಬೇಡಿ.

ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಸುಮ್ನೆ ಕಾದವರೂ ವರ್ಷದಲ್ಲಿ ಹೆಚ್ಚಿನವರು ಗುಣವಾಗಿದ್ದಾರೆ. ಹಾಗಾದರೆ ಫಿಸಿಯೋಥೆರಪಿ ಯಾಕೆ? ಕೈಯಿಂದಲೇ ದುಡಿದು ತಿನ್ನುವವರಿಗೆ ಒಂದು ವರ್ಷ ಬಹಳ ದೊಡ್ಡದು. 2006ರಲ್ಲಿ ಬ್ರಿಸ್ಬೇನ್‌ನ 198 ಜನರ ಅಧ್ಯಯನದಲ್ಲಿ ಫಿಸಿಯೋಥೆರಪಿ ಪಡೆದವರು ಕಾದವರಿಗಿಂತ ಮೊದಲ ವಾರಗಳಲ್ಲೇ ಚೆನ್ನಾಗಿ ಸುಧಾರಿಸಿದರು, ಬೇರೆ ಔಷಧಿ, ಚಿಕಿತ್ಸೆಗಾಗಿ ಅಲೆದದ್ದೂ ಕಡಿಮೆ. ಅವರಿಗೆ ಕೊಟ್ಟದ್ದು ಆರು ವಾರದಲ್ಲಿ 8 ಭೇಟಿ, ಒಂದೊಂದು ಅರ್ಧ ಗಂಟೆ. ಅದರಲ್ಲಿ ಮೊಣಕೈಗೆ ಕೈಚಿಕಿತ್ಸೆ, ಅಂದರೆ ಫಿಸಿಯೋ ತಮ್ಮ ಕೈಯಿಂದಲೇ ಮಾಡುವ ಚಿಕಿತ್ಸೆ, ಮತ್ತು ವ್ಯಾಯಾಮ ಇತ್ತು. ಮಿಕ್ಕ ದಿನ ಮನೆಯಲ್ಲಿ ಅವರೇ ಮಾಡಿಕೊಂಡರು. ದಿನಾ ಹೋಗಿ ಮಲಗಿ ಯಂತ್ರ ಹಚ್ಚಿಸಿಕೊಳ್ಳುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ನಿಮ್ಮನ್ನು ನಾನು ನೇರವಾಗಿ ನೋಡಿದ್ದರೆ ಮೊದಲು ಇದು ಟೆನಿಸ್ ಎಲ್ಬೋನೇ ಹೌದಾ ಎಂದು ಖಚಿತ ಮಾಡಿಕೊಳ್ಳುತ್ತಿದ್ದೆ. ಮೂಳೆಯ ಉಬ್ಬಿನ ಮೇಲೆ, ಸ್ವಲ್ಪ ಮುಂದೆ ಒತ್ತಿದರೆ ನೋಯಬೇಕು. ಮುಷ್ಟಿ ಕಟ್ಟಿ ಮಣಿಕಟ್ಟನ್ನು ಮೇಲೆತ್ತಿ ಹಿಡಿಯಿರಿ ಎಂದು ಹೇಳಿ ನಾನು ಕೆಳಗೆ ಒತ್ತಿದರೆ ಅಲ್ಲೇ ನೋಯಬೇಕು. ನಡುಬೆರಳನ್ನು ನೇರ ಮಾಡಿ ಹಿಡಿದಾಗ ಒತ್ತಿದರೂ ನೋಯುತ್ತದೆ. ಎಕ್ಸ್‌ರೇ, ಎಂಆರ್‌ಐ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆಮೇಲೆ ಕುತ್ತಿಗೆ. ದಿನವಿಡೀ ತಲೆ ಬಗ್ಗಿಸಿ ಹೊಲಿಯುವವರಲ್ಲಿ ಕುತ್ತಿಗೆಯ ನರ ಒತ್ತಿ ಮೊಣಕೈಗೆ ನೋವು ಇಳಿಯುವುದುಂಟು. ಕುತ್ತಿಗೆ ತಿರುಗಿಸಿದಾಗ ಕೈನೋವು ಬದಲಾಗುತ್ತದಾ, ಬೆರಳಿಗೆ ಜೋಮು ಬರುತ್ತದಾ ಎಂದು ನೀವೇ ಗಮನಿಸಿ. ಮುಂಗೈಯಲ್ಲಿ ಹೋಗುವ ಒಂದು ನರ ಸ್ನಾಯುಗಳ ನಡುವೆ ಸಿಕ್ಕಿಕೊಂಡರೂ ಇದೇ ತರಹದ ನೋವು. ಆಗ ಒತ್ತಿದರೆ ನೋಯುವ ಜಾಗ ಮೂಳೆಯಿಂದ ಮೂರು ನಾಲ್ಕು ಬೆರಳು ಕೆಳಗಿರುತ್ತದೆ. ಇವುಗಳಿಗೆ ಚಿಕಿತ್ಸೆಯ ದಾರಿ ಬೇರೆ.

ಕೈಚಿಕಿತ್ಸೆ ಎಂದೆನಲ್ಲ, ಅದು ಏನು ಎಂದೂ ಹೇಳುತ್ತೇನೆ. ನ್ಯೂಜಿಲೆಂಡ್‌ನ ಬ್ರಯಾನ್ ಮುಲ್ಲಿಗನ್ ಎಂಬ ಫಿಸಿಯೋಥೆರಪಿಸ್ಟ್ ರೂಢಿಗೆ ತಂದ ಒಂದು ವಿಧಾನ ಇದರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಫಿಸಿಯೋ ನಿಮ್ಮ ಮುಂಗೈಯ ಮೇಲ್ತುದಿಯನ್ನು ಹೊರಬದಿಗೆ ಮೆಲ್ಲಗೆ ಸರಿಸಿ ಹಿಡಿದಿರುತ್ತಾರೆ. ಆಗ ನೀವು ಮುಷ್ಟಿ ಬಿಗಿ ಹಿಡಿಯಬೇಕು. ಸರಿಯಾದ ಕೋನ ಸಿಕ್ಕಿದರೆ ಅದೇ ಕ್ಷಣ ನೋವಿಲ್ಲದೆ ಹಿಡಿಯುವ ಬಲ ಹೆಚ್ಚಾಗುತ್ತದೆ. ಕೆಲವರು ಆಶ್ಚರ್ಯದಿಂದ ಕೈಯನ್ನೇ ನೋಡಿಕೊಳ್ಳುತ್ತಾರೆ. ಆದರೆ ಆ ಆರಾಮ ಕೆಲವು ಗಂಟೆಯದ್ದೋ ಒಂದೆರಡು ದಿನದ್ದೋ ಇರಬಹುದು. ಆ ಹೊತ್ತಿನಲ್ಲಿ ವ್ಯಾಯಾಮ ಮಾಡಿಸಿದರೆ ಅದು ಉಪಯೋಗಕ್ಕೆ ಬಂತು.

ವ್ಯಾಯಾಮ ಈಗ ಹೇಳುವ ಹಾಗೆ ಶುರು ಮಾಡಿ. ಹತ್ತಿರದ ಫಿಸಿಯೋ ಒಬ್ಬರಿಗೆ ಒಮ್ಮೆ ತೋರಿಸಿ, ಸರಿಯಾಗಿ ಮಾಡುತ್ತಿದ್ದೀರಾ ಎಂದು ನೋಡಿಸಿಕೊಳ್ಳಿ.

ಮೊದಲ ಒಂದೆರಡು ವಾರ ಕೈ ಅಲುಗಾಡಿಸದ ವ್ಯಾಯಾಮ. ಮೊಣಕೈ ಮಡಚಿ ಮುಂಗೈಯನ್ನು ಮೇಜಿನ ಮೇಲೆ ಇಡಿ, ಅಂಗೈ ಕೆಳಮುಖ, ಹಸ್ತ ಮೇಜಿನ ಅಂಚಿನಿಂದ ಹೊರಗೆ. ಎಡಗೈಯನ್ನು ಬಲ ಹಸ್ತದ ಹಿಂಬದಿಗೆ ಇಟ್ಟು ಒತ್ತಿ. ಬಲಗೈ ಮೇಲೇಳಲು ನೋಡಲಿ, ಎಡಗೈ ಬಿಡದಿರಲಿ. ಹಸ್ತ ಅಲುಗಬಾರದು. 30ರಿಂದ 45 ಸೆಕೆಂಡ್ ಹಿಡಿದು ಬಿಡಿ. ಒಂದು ನಿಮಿಷ ಬಿಟ್ಟು ಮತ್ತೆ. ಹೀಗೆ 4 ಅಥವಾ 5 ಸಲ, ದಿನಕ್ಕೆ ಒಂದೆರಡು ಹೊತ್ತು. ಪೂರ್ತಿ ಶಕ್ತಿ ಹಾಕಬೇಡಿ, ಅರ್ಧ ಸಾಕು. ಕೆಲವರಿಗೆ ಇದರಿಂದಲೇ ನೋವು ಸ್ವಲ್ಪ ಇಳಿಯುತ್ತದೆ.

ಆಮೇಲೆ ಭಾರ. ಅರ್ಧ ಲೀಟರ್ ನೀರಿನ ಬಾಟಲ್ ತುಂಬಿದರೆ ಹೆಚ್ಚೂಕಡಿಮೆ ಅರ್ಧ ಕಿಲೋ. ಅದೇ ಭಂಗಿಯಲ್ಲಿ ಬಾಟಲ್ ಹಿಡಿಯಿರಿ. ಎಡಗೈ ಸಹಾಯದಿಂದ ಬಲ ಹಸ್ತವನ್ನು ಮೇಲೆತ್ತಿ. ಈಗ ಎಡಗೈ ಬಿಟ್ಟು, ಬಲಗೈಯೊಂದರಿಂದಲೇ ಐದರವರೆಗೆ ಎಣಿಸುತ್ತಾ ನಿಧಾನವಾಗಿ ಇಳಿಸಿ. ಇಡೀ ವ್ಯಾಯಾಮದ ಜೀವ ಈ ನಿಧಾನದಲ್ಲಿದೆ, ಥಟ್ಟನೆ ಬಿಟ್ಟರೆ ಏನೂ ಸಿಗುವುದಿಲ್ಲ. 10 ಸಲ ಮಾಡಿ, ಒಂದು ನಿಮಿಷ ವಿಶ್ರಾಂತಿ, ಹೀಗೆ ಮೂರು ಸುತ್ತು. ಮೊದಮೊದಲು ದಿನ ಬಿಟ್ಟು ದಿನ ಮಾಡಿ. ಒಂದು ಸುತ್ತಿನಲ್ಲಿ 15 ಸಲ ಸುಲಭವಾದರೆ ಭಾರ ಏರಿಸಿ, ಮುಕ್ಕಾಲು ಕಿಲೋ, ಆಮೇಲೆ ಒಂದು. ಅದೂ ಒಗ್ಗಿದ ಮೇಲೆ ಎಡಗೈ ಸಹಾಯ ಬಿಟ್ಟು, ಎತ್ತುವುದು ಇಳಿಸುವುದು ಎರಡನ್ನೂ ಬಲಗೈಯೇ ಮಾಡಲಿ. ಕೊನೆಗೆ ಮೊಣಕೈ ನೇರ ಮಾಡಿ ಅದೇ ವ್ಯಾಯಾಮ. ಮೊಣಕೈ ನೇರ ಇದ್ದಾಗ ಟೆಂಡನ್ ಮೇಲೆ ಎಳೆತ ಜಾಸ್ತಿ, ಅದಕ್ಕೇ ಅದು ಕೊನೆಗೆ.

ಇದರ ಜೊತೆ ಮುಂಗೈ ತಿರುಗಿಸುವ ವ್ಯಾಯಾಮ ಇರಲಿ. ಸಣ್ಣ ಸುತ್ತಿಗೆಯ ಹಿಡಿಯ ತುದಿ ಹಿಡಿದು ಅಂಗೈ ಮೇಲೆ, ಅಂಗೈ ಕೆಳಗೆ ಎಂದು ನಿಧಾನವಾಗಿ ತಿರುಗಿಸಿ. ಸುತ್ತಿಗೆ ಭಾರ ಅನಿಸಿದರೆ ಉದ್ದ ಹಿಡಿಯ ಸೌಟು ಸಾಕು. ಭುಜ ಮತ್ತು ಬೆನ್ನಿನ ಮೇಲ್ಭಾಗದ ಸ್ನಾಯುಗಳಿಗೂ ರಬ್ಬರ್ ಬ್ಯಾಂಡ್ ಎಳೆಯುವ ವ್ಯಾಯಾಮ ಸೇರಿಸಿಕೊಳ್ಳಿ. ಭುಜ ಸೋತಾಗ ಅದರ ಕೆಲಸವೂ ಮುಂಗೈ ಮೇಲೆ ಬೀಳುತ್ತದೆ. ಮಾರುಕಟ್ಟೆಯಲ್ಲಿ ಹಿಂಡಿ ತಿರುಗಿಸುವ ರಬ್ಬರ್ ಕೋಲು ಸಿಗುತ್ತದೆ. 2010ರಲ್ಲಿ 21 ಜನರ ಸಣ್ಣ ಅಧ್ಯಯನದಲ್ಲಿ ಅದರಿಂದ ಒಳ್ಳೆಯ ಫಲ ಕಂಡಿತ್ತು. ಕೊಳ್ಳಲು ಆದರೆ ಕೊಳ್ಳಿ, ಇಲ್ಲದಿದ್ದರೆ ಬಾಟಲ್ ಏನೂ ಕಡಿಮೆಯಲ್ಲ. ಎಳೆದು ಹಿಗ್ಗಿಸುವ ವ್ಯಾಯಾಮಕ್ಕೆ ನಾನು ಅಷ್ಟು ಮಹತ್ವ ಕೊಡುವುದಿಲ್ಲ, ನೋವು ಜೋರಿದ್ದಾಗ ಅದು ಕೆರಳಿಸುವುದೇ ಹೆಚ್ಚು.

ವ್ಯಾಯಾಮ ಮಾಡುವಾಗ ನೋವಾದರೆ? ಆಗುತ್ತದೆ, ಸ್ವಲ್ಪ ಆಗಲಿ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಾಳಲಾಗದ ನೋವು ಎಂದಿಟ್ಟುಕೊಳ್ಳಿ. ಮೂರು ನಾಲ್ಕರ ಒಳಗಿದ್ದರೆ ಮುಂದುವರಿಸಿ. ಮರುದಿನ ಬೆಳಗ್ಗೆ ಎದ್ದಾಗ ಕೈ ಹೇಗಿದೆ ನೋಡಿ. ಎಂದಿನಷ್ಟೇ ಇದ್ದರೆ ಭಾರ ಸರಿಯಾಗಿದೆ. ಎಂದಿಗಿಂತ ಜಾಸ್ತಿ ಇದ್ದರೆ ಭಾರ ಅರ್ಧ ಮಾಡಿ. ಪೂರ್ತಿ ನಿಲ್ಲಿಸಬೇಡಿ. ನೋವು ಬಂದ ತಕ್ಷಣ ಹೆದರಿ ವಾರಗಟ್ಟಲೆ ಕೈ ಸುಮ್ನಿಟ್ಟರೆ ಟೆಂಡನ್ ಇನ್ನಷ್ಟು ಸೋಲುತ್ತದೆ. ಆಮೇಲೆ ಲೋಟವೂ ಭಾರವಾಗುತ್ತದೆ. ಬರಿಗಾಲಲ್ಲಿ ನಡೆದು ರೂಢಿ ಇಲ್ಲದವರ ಪಾದ ದಿನಾ ಸ್ವಲ್ಪ ಸ್ವಲ್ಪ ನಡೆದರೆ ಗಟ್ಟಿಯಾಗುತ್ತದೆ, ಒಂದೇ ದಿನ ಹತ್ತು ಮೈಲಿ ನಡೆದರೆ ಬೊಬ್ಬೆ ಬರುತ್ತದೆ. ಟೆಂಡನ್‌ಗೂ ಅಷ್ಟೇ. ಸ್ನಾಯುವಿಗಿಂತ ಟೆಂಡನ್ ನಿಧಾನ. ಕನಿಷ್ಠ 12 ವಾರ ಬಿಡದೆ ಮಾಡಬೇಕು. ನಾಲ್ಕನೇ ವಾರ, ಐದನೇ ವಾರ ಏನೂ ಆಗುತ್ತಿಲ್ಲ ಎಂದು ಬಿಟ್ಟುಬಿಡುವವರೇ ಹೆಚ್ಚು. ದಯವಿಟ್ಟು ಅಲ್ಲಿ ಬಿಡಬೇಡಿ.

ಯಂತ್ರಗಳ ಬಗ್ಗೆ ನೇರವಾಗಿ ಹೇಳುತ್ತೇನೆ. ಅಲ್ಟ್ರಾಸೌಂಡ್ (ಧ್ವನಿತರಂಗದ ಚಿಕಿತ್ಸೆ), ಐಎಫ್‌ಟಿ (ಸಣ್ಣ ಕರೆಂಟ್ ಹಾಯಿಸುವುದು), ಮೇಣದ ಶಾಖ ಇವು ಸ್ವಲ್ಪ ಹೊತ್ತು ಆರಾಮ ಕೊಡಬಹುದು. ಟೆಂಡನ್‌ಗೆ ಬಲ ತುಂಬುವುದಿಲ್ಲ. ನೋವಿನ ಜಾಗಕ್ಕೆ ಒತ್ತಡದ ಅಲೆ ಹಾಯಿಸುವ ಶಾಕ್‌ವೇವ್ ಎಂಬ ದುಬಾರಿ ಚಿಕಿತ್ಸೆಯ ಫಲಿತಾಂಶಗಳು ಒಂದೊಂದು ಅಧ್ಯಯನದಲ್ಲಿ ಒಂದೊಂದು ತರಹ ಬಂದಿವೆ, ರಕ್ತದಿಂದಲೇ ತೆಗೆದು ಕೊಡುವ ಪಿಆರ್‌ಪಿ ಇಂಜೆಕ್ಷನ್ನಿನದೂ ಹಾಗೇ. ಕಷ್ಟಪಟ್ಟು ದುಡಿದ ಹಣವನ್ನು ಮೊದಲೇ ಅಲ್ಲಿ ಹಾಕಬೇಡಿ. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಕೇಳಿ. ಎಲ್ಲಿಗೇ ಹೋದರೂ, ನನಗೆ ವ್ಯಾಯಾಮ ಕಲಿಸಿ, ವಾರಕ್ಕೊಮ್ಮೆ ನೋಡಿ ಭಾರ ಏರಿಸಿಕೊಡಿ ಎಂದು ಬಾಯಿಬಿಟ್ಟು ಕೇಳಿ. ಅದು ನಿಮ್ಮ ಹಕ್ಕು.

ಬೆಲ್ಟ್ ಇಡೀ ದಿನ ಬೇಡ. ಹೆಚ್ಚಿನವರು ಅದನ್ನು ನೋಯುವ ಮೂಳೆಯ ಮೇಲೇ ಕಟ್ಟಿಕೊಳ್ಳುತ್ತಾರೆ. ಅದು ಮೂಳೆಯಿಂದ ಎರಡು ಬೆರಳಷ್ಟು ಕೆಳಗೆ, ಮಣಿಕಟ್ಟಿನ ಕಡೆಗೆ, ಸ್ನಾಯುವಿನ ಮೇಲೆ ಬರಬೇಕು. ಕತ್ತರಿಸುವಾಗ, ಭಾರದ ಕೆಲಸ ಮಾಡುವಾಗ ಹಾಕಿ, ಆಮೇಲೆ ತೆಗೆಯಿರಿ. ಬೆರಳಿಗೆ ಜೋಮು ಬಂದರೆ ಬಿಗಿ ಜಾಸ್ತಿ ಆಗಿದೆ ಎಂದು ಅರ್ಥ. ರಾತ್ರಿ ಹಾಕಿ ಮಲಗಬೇಡಿ.

ಇನ್ನು ಹೊಲಿಗೆ. ನಿಲ್ಲಿಸಬೇಕಾಗಿಲ್ಲ. ಆದರೆ ಕೆಲಸವನ್ನು ಬಿಡಿಸಿ ನೋಡಿ. ಮಷಿನ್ ಮೇಲೆ ಹೊಲಿಯುವಾಗ ಮಣಿಕಟ್ಟಿಗೆ ಅಷ್ಟು ಹೊರೆ ಇಲ್ಲ. ನಿಮ್ಮ ಟೆಂಡನ್‌ಗೆ ಕಷ್ಟ ಕೊಡುವುದು ಕಟಿಂಗ್ ಮತ್ತು ಇಸ್ತ್ರಿ. ಆರು ವಾರದ ಮಟ್ಟಿಗೆ ಕಟಿಂಗ್ ಅನ್ನು ಬೇರೆಯವರಿಗೆ ಕೊಡಲು ಆಗುತ್ತದಾ ನೋಡಿ, ಮನೆಯಲ್ಲಿ ಕಲಿಯುತ್ತಿರುವ ಹುಡುಗಿ ಇದ್ದರೆ ಇನ್ನೂ ಒಳ್ಳೆಯದು. ಆಗದಿದ್ದರೆ ಕತ್ತರಿಗೆ ಸಾಣೆ ಹಿಡಿಸಿ. ಮೊಂಡು ಕತ್ತರಿ ಅಂದರೆ ಪ್ರತಿ ಸಲವೂ ಹೆಚ್ಚಿನ ಬಿಗಿತ. ನೆಲದ ಮೇಲೆ ಬಗ್ಗಿ ಕತ್ತರಿಸುವ ಬದಲು ಸೊಂಟದ ಎತ್ತರದ ಮೇಜಿನ ಮೇಲೆ ಕತ್ತರಿಸಿ, ಮೊಣಕೈ ದೇಹದ ಹತ್ತಿರ ಇರಲಿ. ಲೈನಿಂಗ್ ಬಟ್ಟೆಗಳನ್ನು ಐದಾರು ಪದರ ಒಟ್ಟಿಗೆ ಇಟ್ಟು ಕತ್ತರಿಸಬೇಡಿ. ಇಡೀ ವಾರದ ಕಟಿಂಗ್ ಒಂದೇ ದಿನ ಮುಗಿಸುವ ರೂಢಿ ಇದ್ದರೆ ಅದನ್ನು ಬಿಟ್ಟು, ದಿನಾ ಅರ್ಧ ಗಂಟೆಯಂತೆ ಹಂಚಿ. ಇಸ್ತ್ರಿ ಪೆಟ್ಟಿಗೆ ಭಾರದ್ದಾದರೆ ಹಗುರದ್ದು ತನ್ನಿ, ಅಥವಾ ಎಡಗೈ ರೂಢಿ ಮಾಡಿಕೊಳ್ಳಿ.

ಮನೆಗೆಲಸಕ್ಕೆ ಒಂದೇ ಸೂತ್ರ. ಅಂಗೈ ಕೆಳಮುಖ, ಮೊಣಕೈ ನೇರ, ಈ ಎರಡೂ ಸೇರಿದ ಭಂಗಿಯಲ್ಲಿ ಏನನ್ನೂ ಎತ್ತಬೇಡಿ. ಅಂಗೈ ಮೇಲ್ಮುಖ ಮಾಡಿ, ಮೊಣಕೈ ಮಡಚಿ, ಎರಡು ಕೈ ಹಾಕಿ ಎತ್ತಿ. ಬಕೆಟ್ ಅರ್ಧ ತುಂಬಿಸಿ ಎರಡು ಸಲ ಹೋಗಿ. ಬಟ್ಟೆಯನ್ನು ಹಿಂಡುವ ಬದಲು ನಲ್ಲಿಗೆ ನೇತುಹಾಕಿ ನೀರು ಇಳಿಯಲು ಬಿಡಿ, ಅಥವಾ ಮನೆಯವರು ಹಿಂಡಲಿ. ಹೆದರಿಸುವುದಕ್ಕಿಂತ ಅವರು ಆ ಕೆಲಸ ವಹಿಸಿಕೊಂಡರೆ ನಿಮ್ಮ ಕೈಗೆ ಹೆಚ್ಚು ಉಪಕಾರ ಎಂದು ನಾನು ಹೇಳಿದೆ ಎನ್ನಿ.

ಕೆಲವು ಲಕ್ಷಣ ಕಂಡರೆ ಮಾತ್ರ ವ್ಯಾಯಾಮ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಬೆರಳು ಅಥವಾ ಮಣಿಕಟ್ಟು ಮೇಲೆತ್ತಲು ಆಗದೇ ಇರುವುದು, ಕೈಗೆ ಜೋಮು ಹೆಚ್ಚುತ್ತಾ ಹೋಗುವುದು, ಮೊಣಕೈ ಕೀಲು ಊದಿ ಬಿಸಿಯಾಗುವುದು ಅಥವಾ ಸಿಕ್ಕಿಕೊಳ್ಳುವುದು, ಜ್ವರ, ವಿಶ್ರಾಂತಿಯಲ್ಲೂ ರಾತ್ರಿಯಿಡೀ ನಿದ್ದೆ ಕೆಡಿಸುವ ನೋವು, ಇವು ಟೆನಿಸ್ ಎಲ್ಬೋದ ರೀತಿಯಲ್ಲ. ಇವೇನೂ ಇಲ್ಲದಿದ್ದರೆ ಇವತ್ತೇ ಮೇಜಿನ ಮುಂದೆ ಕುಳಿತು ಆ ಮೊದಲ 30 ಸೆಕೆಂಡ್ ಹಿಡಿಯಿರಿ. ಒಂದು ಪುಸ್ತಕದಲ್ಲಿ ದಿನಾಂಕ, ಭಾರ, ಮರುದಿನ ಬೆಳಗಿನ ನೋವು ಇಷ್ಟು ಬರೆದಿಡಿ. ಆರು ವಾರದ ಮೇಲೆ ಆ ಪುಟಗಳನ್ನು ಫಿಸಿಯೋಗೆ ತೋರಿಸಿದರೆ ಮುಂದಿನ ಭಾರ ಎಷ್ಟು ಎಂದು ಅವರು ಸುಲಭವಾಗಿ ಹೇಳುತ್ತಾರೆ.